ಹೆಪ್ಪುಗಟ್ಟಿದ ಸರೋವರದ ಮೇಳಗೀತ

ಶಾಲೆಯಲ್ಲಿ ಕನ್ನಡ ಹೇಳಿಕೊಡುವವನಾದ ನನಗೆ ಪಾಶ್ಚಾತ್ಯ ಸಂಗೀತದ ಶಾಸ್ತ್ರಜ್ಞಾನವಿಲ್ಲ. ಆದರೂ ರೇಡಿಯೋ ಕೇಳುತ್ತ ಬೆಳೆದ ಕಿವಿಗೆ ಒಂದು ಚಾಳಿ ಉಂಟು. ಯಾವ ನಾಡಿನ ಹಾಡಾದರೂ ಸರಿಯೆ, ಅದು ಎಲ್ಲಿ ಹುಟ್ಟಿತು, ಏತಕ್ಕಾಗಿ ಹುಟ್ಟಿತು ಎಂದು ವಿಚಾರಿಸದೆ ಅದಕ್ಕೆ ಸಮಾಧಾನವಾಗದು. ಈಚೆಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ತಮ್ಮ ಮನೆಗೆ ಕರೆದು ಒಂದು ರಷ್ಯನ್ ಕೃತಿಯ ಮುದ್ರಿಕೆಯನ್ನು ಕೇಳಿಸಿದರು. ಅದು ಸೆರ್ಗೆಯ್ ಪ್ರೊಕೋಫಿಯೆವ್ ರಚಿಸಿದ ‘ಅಲೆಕ್ಸಾಂಡರ್ ನೆವ್‌ಸ್ಕಿ’. ಗಾಯಕವೃಂದವೂ ವಾದ್ಯವೃಂದವೂ ಕೂಡಿ ನಡೆಸುವ, ಏಳು ಭಾಗಗಳ ಒಂದು ಗೇಯಪ್ರಬಂಧ. 1979ರಲ್ಲಿ ಕ್ಲಾಡಿಯೋ ಅಬ್ಬಾಡೋ ಅವರ ನಿರ್ದೇಶನದಲ್ಲಿ ಲಂಡನ್ ಸಿಂಫನಿ ವಾದ್ಯವೃಂದ ಅದನ್ನು ಮುದ್ರಿಸಿತು. ನಡುವೆ ಬರುವ ಒಂಟಿ ಸ್ತ್ರೀಕಂಠ ರಷ್ಯದ ಯೆಲೆನಾ ಒಬ್ರಜ್‌ತ್ಸೋವಾ ಅವರದು.

ಮುದ್ರಣ ಬಲು ಸೊಗಸಾಗಿತ್ತು. ನೂರಾರು ಕಂಠಗಳು ಒಟ್ಟಿಗೆ ಏರಿದಾಗಲೂ ಪಿಟೀಲಿನ ಎಳೆ ಮುಚ್ಚಿಹೋಗಲಿಲ್ಲ. ಅದು ಮುಗಿದ ಮೇಲೆ ಅವರು, ಈ ಸಂಗೀತ ಮೊದಲು ಹುಟ್ಟಿದ್ದು ಒಂದು ಚಲನಚಿತ್ರಕ್ಕಾಗಿ ಎಂದು ಹೇಳಿ, 1938ರ ಆ ಚಿತ್ರದ ಒಂದು ತುಣುಕನ್ನೂ ತೋರಿಸಿದರು. ಅದೇ ರಾಗ, ಅದೇ ಮೇಳ. ಆದರೆ ತಗಡಿನ ಡಬ್ಬಿಯೊಳಗಿಂದ ಬಂದಂಥ ದನಿ. ಈ ಅಂತರಕ್ಕೆ ಕಾರಣವೇನೆಂದು ಹುಡುಕಹೊರಟವನಿಗೆ ಒಂದು ದೊಡ್ಡ ಚರಿತ್ರೆಯೇ ಎದುರಾಯಿತು.

ಮೊದಲು ಕಥಾನಾಯಕನ ವಿಷಯ. ಹದಿಮೂರನೆಯ ಶತಮಾನದ ರಷ್ಯ ಏಕಚ್ಛತ್ರದ ನಾಡಾಗಿರಲಿಲ್ಲ. ಹಲವು ಪ್ರಭುಗಳ ನಡುವೆ ಹಂಚಿಹೋಗಿತ್ತು. 1237ರಿಂದ ಮುಂದೆ ಮಂಗೋಲರ ದಂಡು ಪೂರ್ವದಿಂದ ನುಗ್ಗಿ ಅನೇಕ ಪಟ್ಟಣಗಳನ್ನು ಸುಟ್ಟಿತು. ಅದೇ ಕಾಲಕ್ಕೆ ಪಶ್ಚಿಮದಿಂದ ಬೇರೆ ಶತ್ರುಗಳು ಬಂದರು. ನವ್‌ಗೊರೋದ್ ನಗರದ ಪ್ರಭು ಅಲೆಕ್ಸಾಂಡರ್ 1240ರಲ್ಲಿ ನೆವಾ ನದಿಯ ದಡದಲ್ಲಿ ಸ್ವೀಡನ್ನಿನವರನ್ನು ಸೋಲಿಸಿದ. ‘ನೆವ್‌ಸ್ಕಿ’ ಎಂಬ ಬಿರುದು ಆ ನದಿಯಿಂದಲೇ ಬಂದುದು. 1242ರ ಏಪ್ರಿಲ್ 5ರಂದು, ಈಗ ರಷ್ಯಕ್ಕೂ ಎಸ್ಟೋನಿಯಕ್ಕೂ ಗಡಿಯಾಗಿರುವ ಪೈಪಸ್ ಸರೋವರದಲ್ಲಿ, ಶಿಲುಬೆ ಧರಿಸಿ ಬಂದ ಜರ್ಮನ್ ಕುದುರೆಸವಾರರನ್ನು ಅವನ ಸೈನ್ಯ ತಡೆದು ಹಿಮ್ಮೆಟ್ಟಿಸಿತು.

ಈ ಕಾಳಗದ ಲೆಕ್ಕ ಕುತೂಹಲಕರವಾಗಿದೆ. ನವ್‌ಗೊರೋದಿನ ವೃತ್ತಾಂತ ಸತ್ತ ಜರ್ಮನ್ನರು 400 ಮಂದಿ, ಸೆರೆ ಸಿಕ್ಕವರು 50 ಮಂದಿ ಎನ್ನುತ್ತದೆ. ಜರ್ಮನ್ನರ ಪಕ್ಷದ ಪದ್ಯವೃತ್ತಾಂತವಾದರೋ ಸತ್ತ ಸವಾರರು 20, ಸೆರೆಯಾದವರು 6 ಎಂದು ಹೇಳಿ, ತಮ್ಮವನೊಬ್ಬನಿಗೆ ಅರವತ್ತು ಮಂದಿ ಎದುರಾಳಿಗಳಿದ್ದರೆಂದು ಸಮಾಧಾನ ಮಾಡಿಕೊಳ್ಳುತ್ತದೆ. ಗೆದ್ದವರ ಲೆಕ್ಕ ಬೆಳೆಯುವುದೂ ಸೋತವರ ಲೆಕ್ಕ ಕುಗ್ಗುವುದೂ ಎಲ್ಲ ನಾಡಿನ ಚರಿತ್ರೆಯಲ್ಲೂ ಕಾಣುವ ಸಂಗತಿಯೇ. ಮಂಜುಗಡ್ಡೆ ಬಿರಿದು ಸವಾರರೆಲ್ಲ ಮುಳುಗಿದರೆಂಬ ಪ್ರಸಿದ್ಧ ಕಥೆ ಮಾತ್ರ ಈ ಎರಡು ವೃತ್ತಾಂತಗಳಲ್ಲಿಯೂ ಇಲ್ಲ. ಅದನ್ನು ಲೋಕದ ಕಣ್ಣಿಗೆ ಕಟ್ಟಿದ್ದು ಚಲನಚಿತ್ರ.

ಆ ಚಿತ್ರದ ನಿರ್ದೇಶಕ ಸೆರ್ಗೆಯ್ ಐಸೆನ್‌ಸ್ಟೈನ್. ಹಿಟ್ಲರನ ಜರ್ಮನಿಯ ಭಯ ದಟ್ಟವಾಗುತ್ತಿದ್ದ ಕಾಲ. ಜರ್ಮನ್ನರನ್ನು ಹಿಂದೆ ಸೋಲಿಸಿದ ವೀರನೊಬ್ಬ ಸೋವಿಯತ್ ಸರ್ಕಾರಕ್ಕೆ ಬೇಕಾಗಿದ್ದ. ಮಂಜಿನ ಮೇಲಣ ಕಾಳಗವನ್ನು ಚಿತ್ರಿಸಿದ್ದು 1938ರ ಕಡುಬೇಸಗೆಯಲ್ಲಿ, ಮಾಸ್ಕೋ ಸಮೀಪದಲ್ಲಿ, ಸೀಮೆಸುಣ್ಣ ಉಪ್ಪು ಮೊದಲಾದುವನ್ನು ಹರಡಿ ಮಾಡಿದ ಕೃತಕ ಮಂಜಿನ ಮೇಲೆ! ಸಂಗೀತಕ್ಕೆ ಕರೆ ಬಂದದ್ದು ಪ್ರೊಕೋಫಿಯೆವ್ ಅವರಿಗೆ. 1891ರಲ್ಲಿ ಹುಟ್ಟಿದ ಇವರು 1918ರಲ್ಲಿ ದೇಶ ಬಿಟ್ಟು, ಅಮೆರಿಕ ಯೂರೋಪುಗಳಲ್ಲಿ ಹೆಸರು ಗಳಿಸಿ, 1936ರಲ್ಲಿ ಸಂಸಾರ ಸಮೇತ ಮಾಸ್ಕೋಗೆ ಮರಳಿದ್ದರು. 1938ರ ಆರಂಭದಲ್ಲಿ ಹಾಲಿವುಡ್ಡಿಗೆ ಹೋಗಿ ಚಿತ್ರಗಳಲ್ಲಿ ಧ್ವನಿ ಮುದ್ರಿಸುವ ಬಗೆಯನ್ನು ಕಣ್ಣಾರೆ ನೋಡಿಕೊಂಡು ಬಂದಿದ್ದರು.

ಇಲ್ಲಿಯೇ ನನಗೆ ಅತ್ಯಂತ ಸ್ವಾರಸ್ಯವಾಗಿ ಕಂಡ ಭಾಗವಿರುವುದು. ಹಿತ್ತಾಳೆಯ ತುತ್ತೂರಿಗಳನ್ನು ಮೈಕಿನ ಬಾಯಿಗೇ ಹಿಡಿದು ಊದಿದರೆ ಸ್ವರ ಒಡೆದು ಕರ್ಕಶವಾಗುತ್ತದೆ. ಧ್ವನಿಮುದ್ರಣ ಮಾಡುವವರು ಇದನ್ನು ದೋಷವೆಂದು ದೂರವಿಡುತ್ತಾರೆ. ಪ್ರೊಕೋಫಿಯೆವ್ ಆ ದೋಷವನ್ನೇ ಬೇಕೆಂದು ಬಳಸಿಕೊಂಡರು. ಜರ್ಮನ್ ಸವಾರರ ಕಹಳೆಗಳು ರಷ್ಯನ್ನರ ಕಿವಿಗೆ ಹೇಗೆ ಅಸಹ್ಯವಾಗಿದ್ದಿರಬೇಕೋ ಹಾಗೆಯೇ ಪ್ರೇಕ್ಷಕರ ಕಿವಿಗೂ ಕೇಳಿಸಲಿ ಎಂಬುದು ಅವರ ಉದ್ದೇಶ. ಮೆಲುದನಿಯ ಬಸೂನನ್ನು ಮೈಕಿನ ಬಳಿಗೂ ಗಟ್ಟಿದನಿಯ ಟ್ರೊಂಬೋನನ್ನು ದೂರಕ್ಕೂ ಇಟ್ಟು, ಬಡವನನ್ನು ಬಲ್ಲಿದನನ್ನಾಗಿ ಮಾಡಿದರು. ಮೈಕು ಕಂಡದ್ದನ್ನು ಕಂಡಂತೆ ಒಪ್ಪಿಸುವ ಸಾಕ್ಷಿಯಲ್ಲ, ಅದೂ ಮೇಳದೊಳಗಿನ ಒಂದು ವಾದ್ಯ ಎಂಬುದನ್ನು ಅವರು ಅಂದೇ ಅರಿತಿದ್ದರು. ಆದ್ದರಿಂದ ನಾನು ಕೇಳಿದ ಡಬ್ಬಿಯ ದನಿಯಲ್ಲಿ ಬಹುಪಾಲು ಅಂದಿನ ಉಪಕರಣಗಳ ಬಡತನವಾದರೆ, ಒಂದು ಪಾಲು ಬುದ್ಧಿಪೂರ್ವಕವಾಗಿ ಮಾಡಿದ್ದೇ ಆಗಿತ್ತು.

ಚಿತ್ರ 1938ರ ಡಿಸೆಂಬರಿನಲ್ಲಿ ತೆರೆ ಕಂಡು ಜಯಭೇರಿ ಹೊಡೆಯಿತು. ಸಂಗೀತವನ್ನು ಸಭೆಯಲ್ಲಿ ನುಡಿಸುವಂತೆ ಮಾಡಲು ಪ್ರೊಕೋಫಿಯೆವ್ ಹೊಸದಾಗಿ ಕುಳಿತರು. ಮೈಕಿಗೆಂದು ಹೊಂದಿಸಿದ್ದ ವಾದ್ಯಗಳು ಸಭಾಭವನದಲ್ಲಿ ಕೆಲಸಕ್ಕೆ ಬಾರವು. ಎಲ್ಲವನ್ನೂ ಮತ್ತೆ ಹೆಣೆಯಬೇಕಾಯಿತು. 1939ರ ಮೇ 17ರಂದು ಮಾಸ್ಕೋದಲ್ಲಿ ಅವರ ನಿರ್ದೇಶನದಲ್ಲಿಯೇ ಗೇಯಪ್ರಬಂಧ ಮೊದಲ ಬಾರಿಗೆ ಕೇಳಿಬಂತು.

ಅಷ್ಟರಲ್ಲಿ ಗಾಳಿ ತಿರುಗಿತು. 1939ರ ಆಗಸ್ಟ್ 23ರಂದು ಸ್ಟಾಲಿನ್ ಸರ್ಕಾರ ಹಿಟ್ಲರನ ಸರ್ಕಾರದೊಡನೆ ಒಪ್ಪಂದ ಮಾಡಿಕೊಂಡಿತು. ನಿನ್ನೆಯವರೆಗೆ ಬೇಕಾಗಿದ್ದ ಚಿತ್ರ ಇಂದು ಬೇಡವಾಯಿತು. ಚಿತ್ರಮಂದಿರಗಳಿಂದ ಅದನ್ನು ಹಿಂದಕ್ಕೆ ತೆಗೆದುಕೊಂಡರು. 1941ರ ಜೂನ್ 22ರಂದು ಜರ್ಮನ್ ಸೈನ್ಯ ಗಡಿ ದಾಟಿದ ಮೇಲೆ ಮತ್ತೆ ಹೊರಕ್ಕೆ ತೆಗೆದರು. 1942ರಲ್ಲಿ ಅಲೆಕ್ಸಾಂಡರನ ಹೆಸರಿನಲ್ಲಿ ಸೈನ್ಯಾಧಿಕಾರಿಗಳಿಗೆ ಒಂದು ಪದಕವೂ ಹುಟ್ಟಿತು. ಇಷ್ಟು ಸೇವೆ ಸಲ್ಲಿಸಿದ ಸಂಗೀತಗಾರನನ್ನು 1948ರಲ್ಲಿ ಅದೇ ಸರ್ಕಾರ, ಜನಕ್ಕೆ ಒಗ್ಗದ ಸಂಗೀತ ಬರೆಯುವವರ ಪಟ್ಟಿಗೆ ಸೇರಿಸಿ ಖಂಡಿಸಿತು. ಪ್ರೊಕೋಫಿಯೆವ್ 1953ರ ಮಾರ್ಚ್ 5ರಂದು, ಸ್ಟಾಲಿನ್ ಸತ್ತ ದಿನದಂದೇ, ತೀರಿಕೊಂಡರು.

ಸರ್ಕಾರಗಳ ಈ ಬೇಕು ಬೇಡಗಳಿಂದ ದೂರದಲ್ಲಿ ಕೃತಿಯನ್ನು ಮುದ್ರಿಕೆಗಳು ಕಾಪಾಡಿಕೊಂಡು ಬಂದವು. ಅಮೆರಿಕದಲ್ಲಿ 1945ರಲ್ಲಿ ಯೂಜೀನ್ ಆರ್ಮಂಡಿ ಅವರ ಫಿಲಡೆಲ್ಫಿಯ ವಾದ್ಯವೃಂದ ಇದನ್ನು ಗ್ರಾಮಫೋನ್ ತಟ್ಟೆಗಳಿಗೆ ಇಳಿಸಿತು. ಅಂದಿನ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದು ನಾಲ್ಕೈದು ನಿಮಿಷ. ಕಾಳಗದ ಭಾಗವೊಂದೇ ಹನ್ನೆರಡು ನಿಮಿಷ. ಎಂದಮೇಲೆ ಯುದ್ಧದ ನಡುವೆಯೇ ಎದ್ದು ತಟ್ಟೆಯನ್ನು ಮಗುಚಬೇಕು! 1959ರಲ್ಲಿ ಫ್ರಿಟ್ಜ್ ರೈನರ್ ಅವರು ಶಿಕಾಗೋದಲ್ಲಿ ಸ್ಟೀರಿಯೋ ಮುದ್ರಣ ಮಾಡಿದಾಗ ಎಡಬಲಗಳ ದಿಕ್ಕೂ ಕೂಡಿಬಂತು. ಆದರೆ ಹಾಡಿದ್ದು ಇಂಗ್ಲಿಷಿನಲ್ಲಿ. ನಾನು ಕೇಳಿದ 1979ರ ಮುದ್ರಣದಲ್ಲಿ ರಷ್ಯನ್ ನುಡಿಯೂ ಇತ್ತು, ಸ್ವಚ್ಛವಾದ ಧ್ವನಿಯೂ ಇತ್ತು.

ಸ್ವಚ್ಛವಾದ ಧ್ವನಿಯಿಂದ ಏನಾಯಿತು? ಮೊದಲನೆಯ ಭಾಗದಲ್ಲಿ ಒಂದೇ ರಾಗ ಬಲು ಎತ್ತರದಲ್ಲಿಯೂ ಬಲು ತಗ್ಗಿನಲ್ಲಿಯೂ ಸಾಗುತ್ತದೆ; ನಡುವೆ ಬರಿದು. ಮಂಗೋಲರು ಸುಟ್ಟ ಬಯಲು ಕಣ್ಣೆದುರು ನಿಲ್ಲುವುದು ಆ ಬರಿದಿನಿಂದಲೇ. ಇನ್ನೊಂದು ಸಂಗತಿ, ಶತ್ರುಗಳ ತುತ್ತೂರಿ ಇಲ್ಲಿ ಒಡೆದ ದನಿಯಲ್ಲಿಲ್ಲ. ಅದು ತುಂಬು ದನಿ, ಭಯಂಕರವಾದರೂ ಗಂಭೀರ. ಮೈಕಿನ ಮೋಸದಿಂದ ಶತ್ರುವನ್ನು ವಿಕಾರ ಮಾಡಿದ್ದು ಹೊರಟುಹೋಗಿ, ಎರಡು ಕಡೆಯವರೂ ಮನುಷ್ಯರಾಗಿಯೇ ಮಂಜಿನ ಮೇಲೆ ಎದುರಾಗುತ್ತಾರೆ.

ಆಮೇಲೆ ಬರುವುದು ಆರನೆಯ ಭಾಗ, ಸತ್ತವರ ಬಯಲು. ಇಡೀ ಕೃತಿಯಲ್ಲಿ ಒಂಟಿ ಕಂಠ ಕೇಳುವುದು ಇಲ್ಲೊಂದೇ ಕಡೆ. ಹೆಣ್ಣೊಬ್ಬಳು ಕಾಳಗ ಮುಗಿದ ಬಯಲಿನಲ್ಲಿ ಬಿದ್ದವರ ನಡುವೆ ತನ್ನವರನ್ನು ಹುಡುಕುತ್ತ ನಡೆಯುತ್ತಾಳೆ. ಗದಾಯುದ್ಧವನ್ನು ಪಾಠ ಹೇಳುವ ನನಗೆ, ಸಂಜಯನೊಡನೆ ಹೆಣಗಳ ನಡುವೆ ನಡೆದು ದ್ರೋಣನನ್ನೂ ದುಶ್ಶಾಸನನನ್ನೂ ಕರ್ಣನನ್ನೂ ಕಂಡು ಮರುಗುವ ರನ್ನನ ದುರ್ಯೋಧನ ನೆನಪಾದ. ಅವನು ದೊರೆ; ಇವಳು ಹೆಸರಿಲ್ಲದ ಹುಡುಗಿ. ಸತ್ತವರು ನಾನೂರೋ ಇಪ್ಪತ್ತೋ ಎಂಬ ಲೆಕ್ಕ ಇವಳಿಗೆ ಬೇಕಾಗಿಲ್ಲ. ಒಪ್ಪಂದಗಳು ಆಗಲಿ ಮುರಿಯಲಿ, ಇವಳ ಹಾಡಿನಲ್ಲಿ ತಿದ್ದತಕ್ಕದ್ದೇನೂ ಇಲ್ಲ.

ಏಳನೆಯ ಭಾಗದಲ್ಲಿ ಅಲೆಕ್ಸಾಂಡರ್ ಪ್‌ಸ್ಕೋವ್ ಪಟ್ಟಣವನ್ನು ಪ್ರವೇಶಿಸುತ್ತಾನೆ; ಗಂಟೆಗಳು, ಜಯಘೋಷ, ಮೇಳದ ಆರ್ಭಟ. ಸರ್ಕಾರ ಕೇಳಿದ್ದು ಅದನ್ನು. ಆ ಸಂಜೆ ಮನೆಗೆ ನಡೆದು ಬರುವಾಗ ನನ್ನ ಕಿವಿಯಲ್ಲಿ ಉಳಿದಿದ್ದುದು ಮಾತ್ರ ಆ ಒಂಟಿ ದನಿ.

ಈ ಕೃತಿಯನ್ನು ಕೇಳುವ ಅವಕಾಶ ನಿಮಗೂ ಒದಗಿದರೆ ಒಂದು ಸಣ್ಣ ಸೂಚನೆ. ಮೊದಲ ಭಾಗ ತೀರ ಮೆಲ್ಲಗಿದೆಯೆಂದು ದನಿಯನ್ನು ಏರಿಸಬೇಡಿ; ಮನೆಯವರನ್ನು ಸ್ವಲ್ಪ ಹೊತ್ತು ಸುಮ್ಮನಿರಲು ಹೇಳಿದರೆ ಸಾಕು. ಕಾಳಗ ಮುಗಿದೊಡನೆ ಕಥೆ ಮುಗಿಯಿತೆಂದು ಎದ್ದುಹೋಗಲೂ ಬೇಡಿ. ಆ ಹೆಣ್ಣು ಹಾಡುವುದು ಅನಂತರ.