ಡೋಪಮಿನ್‌ನ ಅಡ್ಡಪರಿಣಾಮಗಳು: ಔಷಧದ ಚರಿತ್ರೆ ಮತ್ತು ಕೋಲಾರ ಸೀಮೆಯ ಚಿಕಿತ್ಸೆ

ಲಂಡನ್ನಿನ ವೆಲ್‌ಕಮ್ ಪ್ರಯೋಗಾಲಯದಲ್ಲಿ ಜಾರ್ಜ್ ಬಾರ್ಜರ್ ಮತ್ತು ಜೇಮ್ಸ್ ಯೂವಿನ್ಸ್ 1910ರಲ್ಲಿ ತಯಾರಿಸಿದ ಡೋಪಮಿನ್, ದೇಹದೊಳಗೆ ಅಡ್ರಿನಾಲಿನ್ ಉಂಟಾಗುವ ಹಾದಿಯ ಒಂದು ಮೆಟ್ಟಿಲು ಮಾತ್ರವೆಂದು ಬಹುಕಾಲ ಪರಿಗಣಿತವಾಗಿತ್ತು. 1960ರ ದಶಕದಲ್ಲಿ ಅಮೆರಿಕದ ಲಿಯಾನ್ ಗೋಲ್ಡ್‌ಬರ್ಗ್ ಮತ್ತು ಸಂಗಡಿಗರು ಹೃದಯ ವೈಫಲ್ಯದ ರೋಗಿಗಳಿಗೆ ಇದನ್ನು ಕೊಟ್ಟಾಗ ಮೂತ್ರದಲ್ಲಿ ಸೋಡಿಯಂ ವಿಸರ್ಜನೆ ಹೆಚ್ಚಿದ್ದು ಕಂಡುಬಂದಿತು; 1974ರಲ್ಲಿ ಅಲ್ಲಿ ಬಳಕೆಗೆ ಅನುಮತಿ ದೊರೆಯಿತು.

ಈ ಔಷಧದ ಉಪಕಾರ ಮತ್ತು ಅಪಾಯಗಳು ಒಂದೇ ಮೂಲದವು. ನಿಮಿಷಕ್ಕೆ, ದೇಹತೂಕದ ಪ್ರತಿ ಕಿಲೋಗೆ 5ರಿಂದ 10 ಮೈಕ್ರೊಗ್ರಾಂ ಪ್ರಮಾಣದಲ್ಲಿ ಅದು ಹೃದಯದ ಬೀಟಾ ಗ್ರಾಹಕಗಳನ್ನು, ಅಂದರೆ ಬಡಿತದ ಬಲ ಮತ್ತು ವೇಗವನ್ನು ಏರಿಸುವ, ಕೋಶಗಳ ಮೇಲಿನ ಸಂವೇದಕಗಳನ್ನು ಪ್ರಚೋದಿಸುತ್ತದೆ. ಅದೇ ಪ್ರಚೋದನೆ ಮಿತಿಮೀರಿದಾಗ ಬಡಿತ ಲಯ ತಪ್ಪುತ್ತದೆ, ಆಮ್ಲಜನಕದ ಬೇಡಿಕೆ ಹೆಚ್ಚಿ ಎದೆನೋವು ಬರುತ್ತದೆ. 10 ಮೈಕ್ರೊಗ್ರಾಂ ದಾಟಿದ ಮೇಲೆ ರಕ್ತನಾಳಗಳು ಸಂಕುಚಿಸಿ ರಕ್ತದೊತ್ತಡ ಏರುವುದಾದರೂ, ಕೈಕಾಲಿನ ಬೆರಳುಗಳಿಗೆ ರಕ್ತ ಸಾಲದೆ ಗ್ಯಾಂಗ್ರಿನ್ ಆಗುವ ಸಂಭವವೂ ಅಲ್ಲಿಂದಲೇ ಹುಟ್ಟುತ್ತದೆ.

ಇಷ್ಟು ಕಿರಿದಾದ ಅಂತರದ ಔಷಧಕ್ಕೆ ಇನ್‌ಫ್ಯೂಷನ್ ಪಂಪ್ ಬೇಕು; ಪಂಪ್ ಇಲ್ಲದಲ್ಲಿ ಹನಿ ಎಣಿಸುವುದೊಂದೇ ದಾರಿ. 400 ಮಿಲಿಗ್ರಾಂ ಡೋಪಮಿನ್‌ ಅನ್ನು 500 ಮಿಲಿಲೀಟರ್ ಸಲೈನಿನಲ್ಲಿ ಬೆರೆಸಿದರೆ, 50 ಕಿಲೋ ತೂಕದ ರೋಗಿಗೆ 5 ಮೈಕ್ರೊಗ್ರಾಂ ಪ್ರಮಾಣವೆಂದರೆ ಮೈಕ್ರೊಡ್ರಿಪ್ ಸೆಟ್ಟಿನಲ್ಲಿ ನಿಮಿಷಕ್ಕೆ ಸುಮಾರು 19 ಹನಿ. ಮಿಲಿಲೀಟರಿಗೆ 60 ಹನಿ ಬೀಳಿಸುವ ಆ ಸೆಟ್ಟಿನ ಬದಲು 20 ಹನಿಯ ಸಾಮಾನ್ಯ ಸೆಟ್ಟು ಜೋಡಿಸಿ ಅದೇ 19 ಹನಿ ಬಿಟ್ಟರೆ ಪ್ರಮಾಣ ಮೂರು ಪಟ್ಟಾಗುತ್ತದೆ. ಅಡ್ಡಪರಿಣಾಮವೆಂದು ಬರೆದಿಡುವ ಘಟನೆಗಳಲ್ಲಿ ಇಂಥ ಲೆಕ್ಕದ ತಪ್ಪನ್ನೂ ಹುಡುಕಲೇಬೇಕು.

ಮುಳಬಾಗಿಲು, ಶ್ರೀನಿವಾಸಪುರ ಮತ್ತು ಮಾಲೂರುಗಳಿಂದ ರೋಗಿಯನ್ನು ಕೋಲಾರದ ಶ್ರೀ ನರಸಿಂಹರಾಜ ಜಿಲ್ಲಾ ಆಸ್ಪತ್ರೆಗೋ, ಟಮಕದ ಜಾಲಪ್ಪ ಆಸ್ಪತ್ರೆಗೋ, ಬೆಂಗಳೂರಿನ ಜಯದೇವ ಸಂಸ್ಥೆಗೋ ಸಾಗಿಸುವಾಗ ಔಷಧವನ್ನು ಸರಿಯಾಗಿ ಹರಿಸುವ ಈ ಪ್ರಶ್ನೆ ಇನ್ನಷ್ಟು ತೀವ್ರವಾಗುತ್ತದೆ. ರಕ್ತದಲ್ಲಿ ಡೋಪಮಿನ್‌ನ ಅರ್ಧಾಯುಷ್ಯ, ಅಂದರೆ ಅದರ ಮಟ್ಟ ಅರ್ಧಕ್ಕಿಳಿಯುವ ಅವಧಿ, ಸುಮಾರು ಎರಡೇ ನಿಮಿಷವಾದ್ದರಿಂದ, ಮುಳಬಾಗಿಲಿನಿಂದ ಕೋಲಾರಕ್ಕಿರುವ ಸುಮಾರು 30 ಕಿಲೋಮೀಟರ್ ದಾರಿಯಲ್ಲಿ ಬಾಟಲಿ ಬರಿದಾದರೆ ರಕ್ತದೊತ್ತಡ ಥಟ್ಟನೆ ಕುಸಿಯಬಹುದು; ಆಂಬುಲೆನ್ಸಿನ ಕುಲುಕಿಗೆ ಸೂಜಿ ಸರಿದು ಔಷಧ ರಕ್ತನಾಳದಿಂದ ಹೊರಗೆ ಸೋರಿದರೆ ಸುತ್ತಲಿನ ಚರ್ಮ ಬಿಳಿಚಿ, ತಣ್ಣಗಾಗಿ, ಕೊನೆಗೆ ಕೊಳೆಯಬಹುದು. ಸೋರಿದ ಜಾಗಕ್ಕೆ 5ರಿಂದ 10 ಮಿಲಿಗ್ರಾಂ ಫೆಂಟೊಲಮಿನ್‌ ಅನ್ನು ಸಲೈನಿನಲ್ಲಿ ಬೆರೆಸಿ ಬೇಗನೆ ಚುಚ್ಚುವುದು ಅದರ ಮದ್ದು.

ಸಣ್ಣ ಪ್ರಮಾಣದ ಡೋಪಮಿನ್ ಮೂತ್ರಪಿಂಡವನ್ನು ಕಾಪಾಡುತ್ತದೆಂಬ ನಂಬಿಕೆಯನ್ನು 328 ರೋಗಿಗಳ ಮೇಲಿನ ಆಸ್ಟ್ರೇಲಿಯಾ-ನ್ಯೂಜಿಲೆಂಡ್ ಅಧ್ಯಯನ 2000ದಲ್ಲಿ ಸುಳ್ಳಾಗಿಸಿತು. ಅದಕ್ಕಿಂತ ನಿರ್ಣಾಯಕವಾದುದು 2010ರಲ್ಲಿ ಪ್ರಕಟವಾದ, ಆಘಾತಸ್ಥಿತಿಯ (ಶಾಕ್, ಅಂದರೆ ಅಂಗಗಳಿಗೆ ರಕ್ತ ಸಾಲದ ಸ್ಥಿತಿ) 1,679 ರೋಗಿಗಳ ಯುರೋಪಿನ ಪ್ರಯೋಗ: ಡೋಪಮಿನ್ ಪಡೆದವರಲ್ಲಿ ಶೇ. 24.1ರಷ್ಟು ಮಂದಿಗೆ ಹೃದಯದ ಲಯ ತಪ್ಪಿದರೆ, ರಕ್ತದೊತ್ತಡ ಏರಿಸುವ ಇನ್ನೊಂದು ಔಷಧವಾದ ನಾರ್‌ಅಡ್ರಿನಾಲಿನ್ ಪಡೆದವರಲ್ಲಿ ಆ ಪ್ರಮಾಣ ಶೇ. 12.4 ಇತ್ತು, ಒಟ್ಟಾರೆ ಸಾವಿನಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ, ಆದರೆ ಹೃದಯದ ಸೋಲಿನಿಂದಲೇ ಆಘಾತಕ್ಕೊಳಗಾದ 280 ಮಂದಿಯ ಗುಂಪಿನಲ್ಲಿ ಡೋಪಮಿನ್ ಪಡೆದವರ ಸಾವು ಹೆಚ್ಚಿತ್ತು. ಯಾವ ರೋಗಿಗಳಿಗಾಗಿ ಈ ಔಷಧ ಬಳಕೆಗೆ ಬಂದಿತೋ ಅವರಲ್ಲಿಯೇ ಹಾನಿಯ ಸುಳಿವು ಸಿಕ್ಕಿದ್ದು ಗಂಭೀರ ಸಂಗತಿ.

ನಾರ್‌ಅಡ್ರಿನಾಲಿನ್ ಈಗ ಮೊದಲ ಆಯ್ಕೆಯಾಗಿದೆ, ಆದರೂ ಅದು ಸೋರಿದರೆ ಚರ್ಮ ಕೊಳೆಯುವ ಭಯ ತಪ್ಪಿಲ್ಲ. ಆದ್ದರಿಂದ ತಾಲ್ಲೂಕು ಆಸ್ಪತ್ರೆಯಿಂದ ಹೊರಡುವ ರೆಫರಲ್ ಚೀಟಿಯಲ್ಲಿ ಔಷಧದ ಹೆಸರಿನ ಜೊತೆಗೆ ಬೆರಕೆಯ ಪ್ರಮಾಣ, ಡ್ರಿಪ್ ಸೆಟ್ಟಿನ ಬಗೆ, ಹನಿಯ ವೇಗ, ಸೂಜಿ ಹಾಕಿದ ಜಾಗ ಮತ್ತು ಹೊತ್ತು ಇವೆಲ್ಲವೂ ದಾಖಲಾಗುವುದು ಅಗತ್ಯ.