ಮೊದಲ ಉಸಿರಿನ ವಿದ್ಯೆ

ಹುಟ್ಟುವ ಶಿಶುಗಳಲ್ಲಿ ಬಹುಪಾಲು ಯಾರ ನೆರವೂ ಇಲ್ಲದೆ ಉಸಿರಾಡತೊಡಗುತ್ತವೆ. ಸುಮಾರು ಹತ್ತರಲ್ಲಿ ಒಂದಕ್ಕೆ ಮಾತ್ರ ಪರರ ಕೈ ಬೇಕು. ಅವುಗಳಲ್ಲಿಯೂ ಎಷ್ಟೋ ಶಿಶುಗಳಿಗೆ ಒಣಬಟ್ಟೆಯಿಂದ ಚೆನ್ನಾಗಿ ಒರೆಸಿ ಬೆನ್ನು ಉಜ್ಜಿದರೆ ಸಾಕಾಗುತ್ತದೆ. ಉಳಿದವಕ್ಕೆ ಬಾಯಿ ಮೂಗುಗಳ ಮೇಲೆ ಪುಟ್ಟ ಮುಖಕವಚವನ್ನು ಬಿಗಿಯಾಗಿರಿಸಿ, ರಬ್ಬರಿನ ಚೀಲವನ್ನು ಅದುಮಿ ಗಾಳಿ ನೀಡಬೇಕು; ಅದೂ ಹುಟ್ಟಿದ ಒಂದು ನಿಮಿಷದೊಳಗೆ. ಹಾಗೆ ಮಾಡಬಲ್ಲವರಿಲ್ಲದ ಕಡೆ, ಅಳದ ಕೂಸನ್ನು ‘ಸತ್ತೇ ಹುಟ್ಟಿತು’ ಎಂದು ಬದಿಗಿರಿಸಿದ ಪ್ರಸಂಗಗಳು ಅಸಂಖ್ಯ. ತಲೆಕೆಳಗಾಗಿ ಹಿಡಿದು ಬಡಿಯುವ ಹಳೆಯ ಪದ್ಧತಿಯಿಂದ ಆದದ್ದು ಉಪಕಾರಕ್ಕಿಂತ ಅಪಕಾರವೇ ಹೆಚ್ಚು.

ಈ ವಿದ್ಯೆಯ ಚರಿತ್ರೆ ದೀರ್ಘವಾದುದಲ್ಲ. ನವಜಾತ ಶಿಶುವಿನ ಸ್ಥಿತಿಯನ್ನು ಐದು ಲಕ್ಷಣಗಳಿಂದ ಅಳೆಯುವ ಕ್ರಮವನ್ನು ಅಮೆರಿಕದ ವೈದ್ಯೆ ವರ್ಜೀನಿಯಾ ಆಪ್ಗಾರ್ 1953ರಲ್ಲಿ ಪ್ರಕಟಿಸಿದರು. ಅದುಮಿದರೂ ತಾನಾಗಿಯೇ ಹಿಗ್ಗಿ ಗಾಳಿ ತುಂಬಿಕೊಳ್ಳುವ ಚೀಲ 1956ರಲ್ಲಿ ಡೆನ್ಮಾರ್ಕಿನಲ್ಲಿ ಬಂದಿತು. 1960ರಲ್ಲಿ ನಾರ್ವೆಯ ಆಟಿಕೆ ತಯಾರಕ ಆಸ್ಮುಂಡ್ ಲೇರ್ಡಾಲ್ ಉಸಿರು ನೀಡುವುದನ್ನು ಕಲಿಸುವ ಗೊಂಬೆಯನ್ನು ರೂಪಿಸಿದನು. ಮಕ್ಕಳ ಆಟಕ್ಕೆ ಗೊಂಬೆ ಮಾಡುತ್ತಿದ್ದವನ ಕುಶಲತೆ ಪ್ರಾಣರಕ್ಷಣೆಗೆ ಒದಗಿದುದು ವಿಶೇಷವೇ ಸರಿ. 1987ರಲ್ಲಿ ಅಮೆರಿಕದಲ್ಲಿ ಕ್ರಮಬದ್ಧ ಶಿಕ್ಷಣವೂ ಆರಂಭವಾಯಿತು; ಆದರೆ ಅದು ಸುಸಜ್ಜಿತ ಆಸ್ಪತ್ರೆಗಳನ್ನು ಕಣ್ಣಮುಂದಿಟ್ಟುಕೊಂಡ ಪಾಠ. ವೈದ್ಯರೇ ಇಲ್ಲದ ಹೆರಿಗೆ ಕೋಣೆಗಳಿಗಾಗಿ, ಚಿತ್ರಗಳ ಮೂಲಕವೇ ಕಲಿಸುವ ‘ಹೆಲ್ಪಿಂಗ್ ಬೇಬೀಸ್ ಬ್ರೀದ್’ ಎಂಬ ಕ್ರಮ ಹೊರಬಂದುದು 2010ರಲ್ಲಿ. ಇದರ ಗೊಂಬೆಗೆ ನೀರು ತುಂಬಿದರೆ ಹಸುಗೂಸಿನ ತೂಕವೇ ಕೈಗೆ ಬರುತ್ತದೆ.

ಇದನ್ನು ದೇಶದೇಶಗಳಿಗೆ ಒಯ್ದವರಲ್ಲಿ ಸಂಭಾವನೆಯ ಅಪೇಕ್ಷೆಯಿಲ್ಲದ ವೈದ್ಯರೂ ದಾದಿಯರೂ ಅನೇಕರಿದ್ದರು. ಅವರು ಕೆಲವು ದಿನ ತಂಗಿ, ಸ್ಥಳೀಯರಲ್ಲಿಯೇ ಕಲಿಸುವವರನ್ನು ಸಿದ್ಧಗೊಳಿಸಿ, ಗೊಂಬೆ ಚೀಲಗಳನ್ನು ಅಲ್ಲಿಯೇ ಬಿಟ್ಟು ಮರಳುತ್ತಿದ್ದರು.

ನಮ್ಮ ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ಆ ಜಿಲ್ಲೆಯಲ್ಲಿ 599 ಮಂದಿ ಹೆರಿಗೆ ಸಹಾಯಕರಿಗೆ ಈ ತರಬೇತಿ ಕೊಡಿಸಿ, 2013ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಹೆರಿಗೆಯ ಹೊತ್ತಿನಲ್ಲಿಯೇ ಅಳಿದವೆಂದು ಬರೆಯಲಾಗುತ್ತಿದ್ದ ಶಿಶುಗಳ ಪ್ರಮಾಣ ನೂರಕ್ಕೆ 1.7ರಿಂದ 0.9ಕ್ಕೆ ಇಳಿದಿತ್ತು. ಆದರೆ ಜೀವಂತ ಹುಟ್ಟಿದ ಶಿಶುಗಳಲ್ಲಿ ಮೊದಲ ತಿಂಗಳಿನ ಮರಣ ತಗ್ಗಲಿಲ್ಲ. ಉಸಿರು ಬಂದ ಮೇಲೂ ಬೆಚ್ಚಗಿಡುವುದು, ಸೋಂಕಿನಿಂದ ಕಾಯುವುದು ಬೇರೆಯೇ ಕೆಲಸವಷ್ಟೆ.

ಟಾಂಜಾನಿಯದ ಹೈಡಮ್ ಎಂಬ ಗ್ರಾಮೀಣ ಆಸ್ಪತ್ರೆಯ ಅನುಭವ ಇನ್ನೂ ಮನನೀಯವಾದುದು. ಅಲ್ಲಿ 2010ರಲ್ಲಿ ಒಂದು ದಿನದ ತರಬೇತಿ ನಡೆಯಿತು. ಏಳು ತಿಂಗಳ ಬಳಿಕ ಪರೀಕ್ಷಿಸಿದಾಗ ದಾದಿಯರು ಗೊಂಬೆಯ ಮೇಲೆ ಮೊದಲಿಗಿಂತ ಚೆನ್ನಾಗಿಯೇ ಮಾಡಿ ತೋರಿಸಿದರು. ನಿಜವಾದ ಹೆರಿಗೆಗಳಲ್ಲಿ ಮಾತ್ರ ಅವರ ನಡೆ ಬದಲಾಗಿರಲಿಲ್ಲ. ಕಲಿತವರಲ್ಲಿ ಶ್ರದ್ಧೆಯಿಲ್ಲವೆಂದು ದೂರುವುದು ಸುಲಭವಿತ್ತು. ಅಲ್ಲಿಯವರು ದೂರಲಿಲ್ಲ. ಗೊಂಬೆಯನ್ನು ಬೀರುವಿನೊಳಗಿಟ್ಟು ಬೀಗ ಹಾಕದೆ ಹೆರಿಗೆ ವಾರ್ಡಿಗೇ ತಂದು, 2011ರ ಆರಂಭದಿಂದ ವಾರವಾರವೂ ಮೂರರಿಂದ ಐದು ನಿಮಿಷಗಳ ಕಿರು ಅಭ್ಯಾಸವನ್ನು ರೂಢಿಸಿದರು. ಒಂದು ವರ್ಷದಲ್ಲಿ, ಹುಟ್ಟಿದ ಇಪ್ಪತ್ತನಾಲ್ಕು ಗಂಟೆಗಳೊಳಗೆ ಅಸುನೀಗುವ ಶಿಶುಗಳ ಸಂಖ್ಯೆ ಸಾವಿರಕ್ಕೆ 11.1ರಿಂದ 7.2ಕ್ಕೆ ಇಳಿಯಿತು. ಆ ಅಭ್ಯಾಸ ನಡೆದದ್ದು ದಾದಿಯರ ನಿತ್ಯದ ಕೆಲಸದ ನಡುವೆಯೇ, ಅದೇ ವಾರ್ಡಿನಲ್ಲಿ.