ಕಂಚಿನ ಬೆನ್ನ ಮೇಲಿನ ಹೆಸರು

ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್‌ನಲ್ಲಿ ಚಿನ್ನವೂ ಇಲ್ಲ, ಬೆಳ್ಳಿಯೂ ಇಲ್ಲ. ಅದು ಬರಿಯ ಕಂಚು. ಗುಜರಿಗೆ ಹಾಕಿದರೆ ಪುಡಿಗಾಸು ಸಿಕ್ಕೀತು, ಅಷ್ಟೆ. ಆದರೂ ಹರಾಜಿನಲ್ಲಿ ಇಂಥ ಒಂದು ಪದಕಕ್ಕೆ ಲಕ್ಷಗಟ್ಟಲೆ ಪೌಂಡು ತೆರುವ ಸಂಗ್ರಾಹಕರಿದ್ದಾರೆ. ಅವರು ಕೊಳ್ಳುವುದಾದರೂ ಏನನ್ನು?

ಉತ್ತರ ಪದಕದ ಹಿಂಬದಿಯಲ್ಲಿದೆ. ರಿಬ್ಬನ್ನಿಗೆ ಜೋಡಿಸುವ ಪಟ್ಟಿಯ ಬೆನ್ನ ಮೇಲೆ ಯೋಧನ ಹೆಸರು, ಹುದ್ದೆ ಹಾಗೂ ದಳವನ್ನೂ, ಶಿಲುಬೆಯ ಹಿಂಬದಿಯ ನಡುವೆ ಸಾಹಸ ಮೆರೆದ ದಿನವನ್ನೂ ಕೆತ್ತಲಾಗುತ್ತದೆ. ಕ್ರಿಮಿಯಾ ಯುದ್ಧದ ಹಿನ್ನೆಲೆಯಲ್ಲಿ 1856ರಲ್ಲಿ ವಿಕ್ಟೋರಿಯಾ ರಾಣಿ ಈ ಪದಕವನ್ನು ಸ್ಥಾಪಿಸಿದರು. ಅಧಿಕಾರಿಗೂ ಸಾಮಾನ್ಯ ಸೈನಿಕನಿಗೂ ಒಂದೇ ಪದಕ ಎಂಬುದು ಅದರ ಹಿರಿಮೆ. 1857ರ ಜೂನ್ 26ರಂದು ಲಂಡನ್ನಿನ ಹೈಡ್ ಪಾರ್ಕಿನಲ್ಲಿ ರಾಣಿ 62 ಮಂದಿಗೆ ಮೊದಲ ಪದಕಗಳನ್ನು ತೊಡಿಸಿದರು.

ಪದಕ ಒಂದೇ ಆದರೂ ಬದುಕು ಒಂದೇ ಆಗಿರಲಿಲ್ಲ. 1879ರ ಜನವರಿಯಲ್ಲಿ ದಕ್ಷಿಣ ಆಫ್ರಿಕದ ರೋರ್ಕ್ಸ್ ಡ್ರಿಫ್ಟ್ ಎಂಬಲ್ಲಿ ಸುಮಾರು 150 ಮಂದಿಯ ಬ್ರಿಟಿಷ್ ತುಕಡಿ, ಮೂರು ಸಾವಿರಕ್ಕೂ ಹೆಚ್ಚು ಜುಲು ಯೋಧರನ್ನು ಎದುರಿಸಿ ನಿಂತಿತು. ಈ ಒಂದೇ ಕಾಳಗಕ್ಕೆ 11 ವಿಕ್ಟೋರಿಯಾ ಕ್ರಾಸ್‌ಗಳು ಸಂದವು. ಅಲ್ಲಿ ಆಸ್ಪತ್ರೆಯ ರೋಗಿಗಳನ್ನು ಉಳಿಸಲು ಹೋರಾಡಿದ ವಿಲಿಯಂ ಜೋನ್ಸ್ ಎಂಬ ಸಾಮಾನ್ಯ ಸೈನಿಕ ಮುಂದೆ ಬಡತನ ತಾಳಲಾರದೆ ಪದಕವನ್ನೇ ಅಡವಿಟ್ಟ. ಪದಕದೊಡನೆ ವರ್ಷಕ್ಕೆ 10 ಪೌಂಡು ಪಿಂಚಣಿಯಿತ್ತು, ಅದು ಸಾಲಲಿಲ್ಲ. 1913ರಲ್ಲಿ ತೀರಿಕೊಂಡಾಗ ಅವನನ್ನು ಮ್ಯಾಂಚೆಸ್ಟರಿನಲ್ಲಿ ಬಡವರ ಸಾಮೂಹಿಕ ಗೋರಿಯಲ್ಲಿ ಹೂಳಲಾಯಿತು.

ಅದೇ ಕಾಳಗದ ನಾಯಕ ಜಾನ್ ಚಾರ್ಡ್‌ನ ಪದಕದ್ದು ಇನ್ನೊಂದು ಕಥೆ. 1972ರಲ್ಲಿ ಹರಾಜಿಗೆ ಬಂದಾಗ ಅದನ್ನು ನಕಲು ಎಂದೇ ನಮೂದಿಸಲಾಗಿತ್ತು. ಕೊಂಡವರು ನಟ ಸ್ಟ್ಯಾನ್ಲಿ ಬೇಕರ್. ‘ಜುಲು’ (1964) ಚಿತ್ರದಲ್ಲಿ ಚಾರ್ಡ್‌ನ ಪಾತ್ರ ವಹಿಸಿದ್ದವರು. 1976ರಲ್ಲಿ ಅವರು ತೀರಿಕೊಂಡ ಮೇಲೆ ಪದಕ ಕೈಯಿಂದ ಕೈಗೆ ಹೋಯಿತು. 1996ರಲ್ಲಿ ಲೋಹವನ್ನು ಪರೀಕ್ಷಿಸಿದಾಗ ಅದು ಅಸಲಿ ಎಂದು ತಿಳಿಯಿತು. ಕಂಚು ಬದಲಾಗಲಿಲ್ಲ, ಅದರ ಮೇಲಿನ ಹೆಸರನ್ನು ಜಗತ್ತು ನಂಬಿತು, ಅಷ್ಟೆ.

ಆದರೆ ಎಲ್ಲ ಹೆಸರುಗಳಿಗೂ ಈ ಕಂಚಿನ ಮೇಲೆ ಜಾಗವಿರಲಿಲ್ಲ. 1857ರ ಭಾರತೀಯ ದಂಗೆಯನ್ನು ಅಡಗಿಸುವ ಕಾರ್ಯಾಚರಣೆಗೆ 182 ವಿಕ್ಟೋರಿಯಾ ಕ್ರಾಸ್‌ಗಳು ಸಂದವು. ಬ್ರಿಟಿಷರ ಪಕ್ಕದಲ್ಲೇ ನಿಂತು ಹೋರಾಡಿದ ಭಾರತೀಯ ಸಿಪಾಯಿಗಳಿಗೆ ಮಾತ್ರ ಒಂದೂ ಇಲ್ಲ. ಅವರಿಗಿದ್ದುದು ಈಸ್ಟ್ ಇಂಡಿಯಾ ಕಂಪನಿ 1837ರಲ್ಲಿ ಆರಂಭಿಸಿದ ‘ಆರ್ಡರ್ ಆಫ್ ಮೆರಿಟ್’ ಮತ್ತು ಅದರೊಡನೆ ಬರುವ ಹೆಚ್ಚುವರಿ ಸಂಬಳ. ವಿಕ್ಟೋರಿಯಾ ಕ್ರಾಸ್ ಭಾರತೀಯ ಸೈನಿಕರಿಗೆ ತೆರೆದದ್ದು 1911ರಲ್ಲಿ. ಅದಕ್ಕೆ ಪಾತ್ರನಾದ ಮೊದಲ ಸಿಪಾಯಿ, 1914ರಲ್ಲಿ ಬೆಲ್ಜಿಯಂನ ರಣಾಂಗಣದಲ್ಲಿ ಹೋರಾಡಿದ ಖುದಾದಾದ್ ಖಾನ್.

ಸಂಗ್ರಾಹಕರ ಗಾಜಿನ ಪೆಟ್ಟಿಗೆಯನ್ನು ನೋಡುವಾಗ ಇದು ನೆನಪಿರಬೇಕು. ಅಲ್ಲಿ ಕಾಣುವುದು ಶೌರ್ಯದ ಪೂರ್ಣ ಲೆಕ್ಕವಲ್ಲ. ಸಾಮ್ರಾಜ್ಯವೊಂದು ಬರೆದಿಡಲು ಒಪ್ಪಿದ ಹೆಸರುಗಳ ಪಟ್ಟಿ.